ಪುಟ್ಟಸ್ವಾಮಿಯವರಿಗೆ ಕೋಲಾಗ್ ಓದಿದ ವರ್ಷಗಳು

ನಮ್ಮ ಕೋಣೆಯಲ್ಲಿ ಯಾರೂ ಭಾಗಾಕಾರ ಮಾಡುತ್ತಿರಲಿಲ್ಲ. ಹೀಗೆಂದರೆ ಪಕ್ಕದ ಮನೆಯ ಸಹನಾ ನಗುತ್ತಾಳೆ. ಅವಳಿಗೆ ಈಗಷ್ಟೇ ನೀರಾವರಿ ಕಚೇರಿಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದೆ. ಸಂಜೆ ಬಂದು, "ಆಂಟಿ, ಕ್ಯಾಲ್ಕುಲೇಟರ್ ಇಲ್ದೆ ಕಾಲುವೆ ಲೆಕ್ಕ ಹೆಂಗ್ ಮಾಡ್ತಿದ್ರಿ?" ಎಂದು ಕೇಳುತ್ತಾಳೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಇಲ್ಲವೇ ಅವಳ ಫೋನು ಕೂಗುತ್ತದೆ. ಹಾಗಾಗಿ ಬರೆದೇ ಕೊಡುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಬೇಡ. ಅವು ಎಲ್ಲರಿಗೂ ಒಂದೇ ಥರ. ಕೆಲಸ ಹೇಗಿತ್ತು, ಅದನ್ನು ಯಾರ ಜೊತೆ ಮಾಡಿದೆ ಎನ್ನುವುದಷ್ಟೇ ಹೇಳುತ್ತೇನೆ.

ನಾನು ಕೆ.ಆರ್. ನಗರದ ಹತ್ತಿರದ ಹೊಸ ಅಗ್ರಹಾರದವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಮೈಸೂರಿನಲ್ಲಿ ಟ್ರೇಸರ್ ತರಬೇತಿ ಪಡೆದು, ಹುಣಸೂರಿನ ಕಾಲುವೆ ಸರ್ವೆ ಕಚೇರಿಗೆ ಸೇರಿದೆ. ಟ್ರೇಸರ್ ಎಂದರೆ ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಶಾಯಿಯಲ್ಲಿ ತಿದ್ದುವವರು. ಹಳೆಯ ಹೆಂಚಿನ ಕಟ್ಟಡ. ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಸುತ್ತಲಿನ ಬ್ಯಾರನ್ ಗೂಡುಗಳ ವಾಸನೆ ಕಿಟಕಿಯಿಂದ ಒಳಗೆ ಬಂದು ಸೀರೆಗೆಲ್ಲ ಹತ್ತಿಕೊಳ್ಳುತ್ತಿತ್ತು. ಹುಣಸೂರಿನಲ್ಲಿ ನಾನು ಸೋದರತ್ತೆಯ ಮನೆಯಲ್ಲಿದ್ದೆ. ನಾನು ಕಚೇರಿಯಿಂದ ಬಂದ ಕೂಡಲೇ ಅತ್ತೆ, "ಬ್ಯಾರನ್ ಒಳಗೇ ಕೂತಿದ್ದು ಬಂದಂಗಿದ್ದೀಯಲ್ಲೇ" ಎನ್ನುತ್ತಿದ್ದಳು.

ಆ ಕಟ್ಟಡದ ಹಿಂಬದಿಯ ಕೋಣೆಯಲ್ಲಿ ಪುಟ್ಟಸ್ವಾಮಿಯವರು ಕೂರುತ್ತಿದ್ದರು. ಮಿರ್ಲೆಯವರು, ಒಕ್ಕಲು ಮನೆತನ, ನನಗಿಂತ ಆರೇಳು ವರ್ಷ ದೊಡ್ಡವರು. ಸರ್ವೆಯವರು ಥಿಯೋಡೊಲೈಟ್ ಯಂತ್ರ ಇಟ್ಟು ಅಳೆದು ತಂದ ಕೋನಗಳಿಂದ ದೂರ ಲೆಕ್ಕ ಹಾಕುವುದು ಅವರ ಕೆಲಸ. ಒಬ್ಬರು ಲಾಗ್ ಪುಸ್ತಕ, ಅಂದರೆ ಲಾಗರಿದಮ್ ಪಟ್ಟಿ, ಹಿಡಿದು ಅಂಕಿ ಓದಬೇಕು, ಇನ್ನೊಬ್ಬರು ಬರೆದು ಕೂಡಬೇಕು. ಓದುತ್ತಿದ್ದವರು ನಿವೃತ್ತರಾದಾಗ, "ಆ ಹುಡುಗಿ ಅಂಕಿ ಸ್ಪಷ್ಟವಾಗಿ ಬರೀತಾಳೆ, ಓದೋದೂ ಸ್ಪಷ್ಟವಾಗೇ ಇರಬೇಕು" ಎಂದು ಮೇಲಿನವರು ನನ್ನನ್ನು ಅಲ್ಲಿಗೆ ಹಾಕಿದರು.

ಮೊದಲ ದಿನ ಪುಟ್ಟಸ್ವಾಮಿಯವರು ನನ್ನ ಕಡೆ ನೋಡಲೇ ಇಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಲಲಿತಾ ಅಲ್ವೇನ್ರೀ? ಲಾಗ್ ನೋಡಕ್ಕೆ ಬತ್ತದಾ?"

"ಬರುತ್ತೆ ಸಾರ್. ಗುಣಾಕಾರ ಇದ್ರೆ ಕೂಡೋದು, ಭಾಗಾಕಾರ ಇದ್ರೆ ಕಳೆಯೋದು."

"ಈ ಕೋಣೇಲಿ ಕಳೆಯೋದಿಲ್ಲ ಕಣ್ರೀ. ಎಲ್ಲಾ ಕೂಡೋದೇ. ಕೋಲಾಗ್ ಏಳ್ಕೊಡ್ತೀನಿ ಬನ್ನಿ."

ಸಹನಾ, ಇದು ನಿನಗಾಗಿ. ತ್ರಿಕೋನದ ಒಂದು ಬಾಹು ಮತ್ತು ಕೋನಗಳು ಗೊತ್ತಿದ್ದರೆ ಇನ್ನೊಂದು ಬಾಹು ಸಿಗುತ್ತದಲ್ಲ. ಗೊತ್ತಿರುವ ಬಾಹುವನ್ನು ಒಂದು ಕೋನದ ಸೈನಿನಿಂದ ಗುಣಿಸಬೇಕು, ಇನ್ನೊಂದರ ಸೈನಿನಿಂದ ಭಾಗಿಸಬೇಕು. ಲಾಗ್ ಹಿಡಿದು ಮಾಡಿದರೆ ಎರಡನ್ನು ಕೂಡಿ ಒಂದನ್ನು ಕಳೆಯಬೇಕು. ಏಳೇಳು ಅಂಕಿಯ ಸಾಲುಗಳು. ಕೂಡಿ, ಗೆರೆ ಎಳೆದು, ಮತ್ತೆ ಕಳೆದು, ದಶಕ ತರುವಾಗ ಒಂದು ಕಡೆ ಮರೆತರೆ ಮುಗಿಯಿತು. ಅದಕ್ಕೆ ಕಳೆಯಬೇಕಾದ ಲಾಗನ್ನು ಪುಸ್ತಕದಲ್ಲಿ ನೋಡುವಾಗಲೇ ತಿರುಗಿಸಿ ಓದುತ್ತಿದ್ದೆವು. ಎಡದಿಂದ ಒಂದೊಂದೇ ಅಂಕಿಯನ್ನು ಒಂಬತ್ತರಿಂದ ಕಳೆಯುತ್ತಾ ಹೋಗಿ ಕೊನೆಯದನ್ನು ಮಾತ್ರ ಹತ್ತರಿಂದ ಕಳೆಯಬೇಕು. ಮೂವತ್ತು ಡಿಗ್ರಿಯ ಸೈನಿಗೆ ಪುಸ್ತಕದಲ್ಲಿ, ಕೊನೆಯ ಸೊನ್ನೆಗಳನ್ನು ಬಿಟ್ಟು, 9.69897 ಎಂದಿದ್ದರೆ ಬಾಯಲ್ಲಿ ಬರುವುದು 0.30103. ಅದೇ ಕೋಲಾಗ್. ಈಗ ಮೂರೂ ಸಾಲನ್ನು ಒಟ್ಟಿಗೆ ಕೂಡಿದರಾಯಿತು. ಸೈನಿನ ಪಟ್ಟಿಯಲ್ಲಿ ಅನುಕೂಲಕ್ಕೆಂದು ಹತ್ತು ಸೇರಿಸಿ ಅಚ್ಚು ಮಾಡಿರುತ್ತಾರೆ, ಕೊನೆಗೆ ಆ ಹತ್ತನ್ನು ಬಿಟ್ಟುಬಿಡಬೇಕು. ಭಾಗಾಕಾರ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಕಲಿತ ಹೊಸದರಲ್ಲಿ ನಾನು ಮಾಡಿದ ಎಡವಟ್ಟು ಕಚೇರಿಗೆಲ್ಲ ಗೊತ್ತಾಯಿತು. ಬೆಟ್ಟದಪುರದ ಬೆಟ್ಟದ ಮೇಲೆ ಸರ್ವೆಯವರು ಬಾವುಟ ನೆಟ್ಟು ಕೋನ ಹಿಡಿದಿದ್ದರು. ಭಾಗಿಸಬೇಕಾದ ಕೋನದ ಬದಲು ಗುಣಿಸಬೇಕಾದ ಕೋನವನ್ನು ನಾನು ತಿರುಗಿಸಿ ಓದಿಬಿಟ್ಟೆ. ದೂರ ಸಿಕ್ಕಾಪಟ್ಟೆ ಬಂತು. ಅದನ್ನು ನೋಡದೆಯೇ ನಕ್ಷೆಯವರು ಗುರುತು ಹಾಕಿದರು. ನಮ್ಮ ಮೇಲಧಿಕಾರಿ ಉತ್ತಯ್ಯ ಸಾಹೇಬರು ಕೊಡಗಿನವರು, ಎತ್ತರದ ಆಳು, ಮಾತು ಕಡಿಮೆ. ಅವರು ನಕ್ಷೆಯನ್ನು ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತರು.

"ಲಲಿತಾ, ಬೆಟ್ಟದಪುರದ ಬೆಟ್ಟವನ್ನು ನಮ್ಮ ಕೊಡಗಿನ ಒಳಗೆ ಇಟ್ಟಿದ್ದೀರಿ. ನಮ್ಮಲ್ಲಿ ಬೆಟ್ಟ ಬೇಕಾದಷ್ಟಿದೆ. ನಿಮ್ಮದನ್ನು ನೀವೇ ಇಟ್ಟುಕೊಳ್ಳಿ."

ನನಗೆ ಅಳುವೇ ಬಂತು. ಪುಟ್ಟಸ್ವಾಮಿಯವರು ಎದ್ದು ನಿಂತು, "ಕೂಡಿದ್ದು ನಾನು ಸಾರ್. ಉತ್ತರ ಬಂದಾಗ್ಲೇ ನಾನು ಕೇಳ್ಬೇಕಿತ್ತು" ಎಂದರು. ಸಾಹೇಬರು ನಗುತ್ತಾ ಹೋದರು. ಆಮೇಲೆ ಪುಟ್ಟಸ್ವಾಮಿಯವರು ನನಗೊಂದು ಅಭ್ಯಾಸ ಹೇಳಿಕೊಟ್ಟರು, ಅದನ್ನು ನಿನಗೂ ಹೇಳುತ್ತೇನೆ. ಯಾವ ಲೆಕ್ಕವಾದರೂ ಮೊದಲು ಕಣ್ಣಂದಾಜಿನಲ್ಲಿ ಒಂದು ಉತ್ತರ ಹೇಳಿಕೊಂಡುಬಿಡು. "ಬೆಟ್ಟ ಇಲ್ಲಿಂದ ಕಾಣ್ತದೆ ಅಂದ್ಮೇಲೆ ಅದು ಎಷ್ಟು ದೂರಕ್ಕೆ ಓಡೋಗ್ತದೆ ಏಳಿ" ಎಂದರು ಅವರು, ಕಿಟಕಿಯ ಕಡೆ ನೋಡುತ್ತಲೇ.

ಈ ಮನುಷ್ಯನಿಗೆ ಹೆಂಗಸರ ಮುಖ ನೋಡಲು ಸಂಕೋಚವೋ, ಇಲ್ಲ ಜಂಬವೋ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಮುಂದಿನ ಮಳೆಗಾಲದಲ್ಲಿ ಪಿರಿಯಾಪಟ್ಟಣದ ಕಡೆಯ ಕೆಲಸ ಬಂತು. ಕಾಲುವೆಯ ದಾರಿಗೆ ಒಂದು ಕಲ್ಲುದಿಬ್ಬ ಅಡ್ಡ ಇತ್ತು. ಸುತ್ತಿ ಹೋದರೆ ನೀರಿನ ಮಟ್ಟ ಸಿಗುವುದಿಲ್ಲ, ಹಾಗಾಗಿ ದಿಬ್ಬದ ಒಳಗೆ ಸುರಂಗ ಕೊರೆಯುವುದೆಂದು ತೀರ್ಮಾನವಾಯಿತು. ಎರಡು ಕಡೆಯಿಂದಲೂ ಏಕಕಾಲಕ್ಕೆ ಕೊರೆಯುತ್ತಾ ಬಂದು ಮಧ್ಯೆ ಕೂಡಬೇಕು. ದಿಬ್ಬದ ಆಚೆ ಇರುವವರಿಗೆ ಈಚೆಯವರು ಕಾಣುವುದಿಲ್ಲ. ಯಾವ ದಿಕ್ಕಿಗೆ ಕೊರೆಯಬೇಕು, ಎಷ್ಟು ದೂರ ಎಂದು ಹೇಳಬೇಕಾದವರು ಹುಣಸೂರಿನ ಹಿಂಬದಿ ಕೋಣೆಯಲ್ಲಿ ಕೂತ ನಾವಿಬ್ಬರು. ನಮ್ಮ ಲೆಕ್ಕವನ್ನು ಮೈಸೂರಿನಲ್ಲಿ ಇನ್ನೊಬ್ಬರು ತಾಳೆ ನೋಡುತ್ತಿದ್ದರು, ನಿಜ. ಆದರೂ ಒಳಗೆ ಕಲ್ಲೊಡೆಯುವ ಆಳುಗಳು ನಮ್ಮ ಮಾತು ನಂಬಿ ಕೊರೆಯುತ್ತಿದ್ದಾರೆ ಎಂಬುದು ಊಟ ಮಾಡುವಾಗಲೂ ನೆನಪಿರುತ್ತಿತ್ತು.

ಆಗಲೇ ಪುಟ್ಟಸ್ವಾಮಿಯವರ ಬರವಣಿಗೆ ಕೆಡತೊಡಗಿದ್ದು. ಅಂಕಿಗಳು ಸಾಲು ಬಿಟ್ಟು ಮೇಲಕ್ಕೂ ಕೆಳಕ್ಕೂ ಜಾರುತ್ತಿದ್ದವು. ಒಂದು ಮಧ್ಯಾಹ್ನ ನಾನು ಓದಿದ ಮೂರನ್ನು ಅವರು ಮೇಲಿನ ಸಾಲಿನ ಎಂಟರ ಮೇಲೆಯೇ ಬರೆದಿದ್ದರು. ಕಾಗದವನ್ನು ನನ್ನ ಕಡೆ ಎಳೆದುಕೊಂಡೆ.

"ಏನಾಗಿದೆ ನಿಮಗೆ? ನಿಜ ಹೇಳಿ."

ಅವರು ಪೆನ್ಸಿಲ್ ಕೆಳಗಿಟ್ಟರು. "ಮೈಸೂರಲ್ಲಿ ಡಾಕ್ಟ್ರು ನೋಡವ್ರೆ. ನಮ್ಮಪ್ಪಂಗೂ ಇತ್ತು. ಕಣ್ಣಿನ ನಡುಮಧ್ಯ ಓಯ್ತಾ ಇದೆ, ಸುತ್ತ ಮಾತ್ರ ಕಾಣ್ತದೆ. ಔಸ್ದಿ ಇಲ್ವಂತೆ. ನಿಮ್ಮ ಕಡೆ ನೇರ ನೋಡುದ್ರೆ ನಿಮ್ಮ ಮುಖ ಇರೋದಿಲ್ಲ ಕಣ್ರೀ. ಆ ಕಿಟಕಿ ನೋಡುದ್ರೆ ಒಂಚೂರು ಕಾಣ್ತೀರಿ."

ಎಷ್ಟು ತಿಂಗಳಿಂದ ಅವರು ಆ ಕಿಟಕಿಯನ್ನು ನೋಡುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ನಾನು ತಲೆ ತಗ್ಗಿಸಿ ಲಾಗ್ ಪುಸ್ತಕದ ಹಾಳೆ ತಿರುವುತ್ತಾ ಕೂತೆ.

"ಸಾಹೇಬ್ರಿಗೆ ಏಳ್ಬುಡ್ತೀನಿ. ಸುರಂಗದ ಕೆಲ್ಸ, ಉಡುಗಾಟ ಅಲ್ಲ," ಎಂದರು.

"ಬರೆಯೋದನ್ನ ನಾನು ಮಾಡ್ತೀನಿ. ನೀವು ಬಾಯಲ್ಲೇ ಕೂಡಿ ನೋಡೋಣ," ಎಂದೆ.

"ಏಳಂಕಿ ಬಾಯಲ್ಲಾ?"

"ಕೂಡೋದಷ್ಟೇ ಅಲ್ವಾ? ಕಳೆಯೋದು ಇಲ್ವಲ್ಲ."

ಅವರು ನಕ್ಕುಬಿಟ್ಟರು. ನಾನು ಬಾಹುವಿನ ಲಾಗ್ ಓದಿದೆ. ಅವರು ಅದನ್ನು ಎರಡೆರಡು ಅಂಕಿಯಾಗಿ ತಮ್ಮೊಳಗೇ ಹೇಳಿಕೊಂಡರು. ಸೈನಿನ ಲಾಗ್ ಓದಿದೆ. ಮೊತ್ತ ಹೇಳಿದರು. ಕೋಲಾಗ್ ಓದಿದೆ. ಮತ್ತೆ ಮೊತ್ತ ಹೇಳಿದರು. ನಾನು ಕಾಗದದ ಮೇಲೆ ಕೂಡಿದ್ದು ಅದಕ್ಕೆ ಸರಿಯಾಗಿ ಕೂತಿತು. ಆ ಮಧ್ಯಾಹ್ನ ನಾವು ಮಾಡಿದ ತ್ರಿಕೋನಗಳನ್ನೆಲ್ಲ ನೆನಪಿಡಲು ಆಗಿಲ್ಲ. ಆದರೆ ಸಂತೋಷದಲ್ಲಿ ಅವರ ಧ್ವನಿ ಜೋರಾಗಿ, ಮುಂದಿನ ಕೋಣೆಯ ಗುಮಾಸ್ತರು "ಏನ್ರೀ ಅದು, ಹರಾಜು ನಡೀತಿದ್ಯಾ?" ಎಂದು ಕೂಗಿದ್ದು ನೆನಪಿದೆ.

ಹೀಗೆ ಶುರುವಾದದ್ದು ಸುರಂಗ ಮುಗಿಯುವವರೆಗೂ ನಡೆಯಿತು. ಪ್ರತಿ ಲೆಕ್ಕವನ್ನೂ ಅವರು ಬಾಯಲ್ಲಿ, ನಾನು ಕಾಗದದಲ್ಲಿ. ಎರಡೂ ತಾಳೆಯಾದರೆ ಮಾತ್ರ ಮುಂದಕ್ಕೆ. ಕೂಡಿ ಬಂದ ಲಾಗಿಗೆ ಸಂಖ್ಯೆ ಹುಡುಕಿ ಹೇಳುವ ಕೆಲಸ ನನ್ನದು. ನನಗೆ ಅಂಕಿ ಓದುವುದರಲ್ಲಿ ಒಂದು ಧಾಟಿಯೇ ಬಂದುಬಿಟ್ಟಿತು. ಬಿಂದುವಿನ ನಂತರ ಸ್ವಲ್ಪ ನಿಲ್ಲುವುದು, ಎರಡೆರಡಾಗಿ ಒಡೆಯುವುದು, ಕೊನೆಯ ಅಂಕಿಯನ್ನು ಎಳೆದು ಹೇಳುವುದು. ನನಗೆ ನೆಗಡಿಯಾಗಿದ್ದರೆ ಅವರು "ಇವತ್ತು ಬ್ಯಾಡ ಬುಡಿ, ಗಂಟ್ಲು ನೋಯ್ತದೆ" ಎಂದು ಬಿಸಿನೀರು ತರಿಸುತ್ತಿದ್ದರು. ಅವರ ಮನೆಯಿಂದ ಬಂದ ಅವರೆಕಾಯಿಯಲ್ಲಿ ಅರ್ಧ ನಮ್ಮ ಅತ್ತೆಯ ಮನೆಗೆ ಬರುತ್ತಿತ್ತು. ಅತ್ತೆ ಒಂದು ಸಲ, "ಆ ಮಿರ್ಲೆ ಹುಡುಗಂಗೆ ಮದುವೆ ಆಗಿದ್ಯಂತಾ?" ಎಂದು ಕೇಳಿದಳು. "ಗೊತ್ತಿಲ್ಲ" ಎಂದೆ. ಆಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಉತ್ತಯ್ಯ ಸಾಹೇಬರಿಗೆ ತಿಳಿಯದೇ ಇರುತ್ತದೆಯೇ? ಒಂದು ದಿನ ಬಂದು ಒಂದು ಹಾಳೆಯನ್ನು ಪುಟ್ಟಸ್ವಾಮಿಯವರ ಕೈಗೆ ಕೊಟ್ಟು, "ಇದನ್ನು ಒಮ್ಮೆ ನೋಡಿ ಹೇಳಿ" ಎಂದರು. ಪುಟ್ಟಸ್ವಾಮಿಯವರು ಹಾಳೆ ಹಿಡಿದುಕೊಂಡು ನಿಂತರು. ನಾನು ಬಗ್ಗಿ, ಕೇಳುವವರಿಗೆ ಸಹಜವಾಗಿ ಕಾಣಲಿ ಎಂದು ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದೆ. ಸಾಹೇಬರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಮೊತ್ತ ಬರುವವರೆಗೂ ಕಾದರು. ಆಮೇಲೆ ನನ್ನನ್ನು ತಮ್ಮ ಕೋಣೆಗೆ ಕರೆಸಿದರು.

"ಎಷ್ಟು ದಿನದಿಂದ?"

ನಾನು ಅವರ ಮೇಜಿನ ಮೇಲಿದ್ದ ಹಾಳೆಗಳ ಕಡೆ ನೋಡಿದೆ.

"ಮೈಸೂರಿನಿಂದ ತಾಳೆಯಾಗಿ ಬಂದ ಹಾಳೆಗಳನ್ನು ನಾನೂ ನೋಡಿದ್ದೇನೆ. ಇಲ್ಲಿಯವರೆಗೆ ಸರಿಯಾಗಿಯೇ ಇವೆ. ಮುಂದೆ ಏನಾದರೂ ತಪ್ಪಾದರೆ ಪುಟ್ಟಸ್ವಾಮಿಯವರನ್ನು ಯಾರೂ ಕೇಳುವುದಿಲ್ಲ, ನನ್ನನ್ನು ಕೇಳುತ್ತಾರೆ. ತಿಳಿಯಿತಾ?" ಎಂದರು. ನಾನು ತಲೆಯಾಡಿಸಿದೆ. "ಸರಿ, ಹೋಗಿ ಓದಿ. ಸುರಂಗ ಕೂಡುವವರೆಗೆ ನನಗೂ ಕಣ್ಣು ಅಷ್ಟಾಗಿ ಕಾಣುವುದಿಲ್ಲ." ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ನೌಕರಿಯಲ್ಲಿ ಎಷ್ಟೋ ಅಧಿಕಾರಿಗಳನ್ನು ಕಂಡೆ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ದೊಡ್ಡ ಹೊರೆ ಹೊತ್ತವರನ್ನು ಮತ್ತೆ ಕಾಣಲಿಲ್ಲ.

ಸುರಂಗ ಅರ್ಧ ದಾಟಿದ್ದಾಗ ನನಗೆ ಮದುವೆ ಗೊತ್ತಾಯಿತು. ಹುಡುಗ ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರು, ಒಳ್ಳೆಯ ಮನೆತನ. ಅಪ್ಪ ಬಂದು ಹೇಳಿದಾಗ "ಆಗಲಿ" ಎಂದೆ. ಬೇಡವೆನ್ನಲು ನನ್ನ ಹತ್ತಿರ ಹೇಳುವಂಥ ಕಾರಣ ಇರಲಿಲ್ಲ. ಇದ್ದ ಕಾರಣವನ್ನು ನನ್ನ ಬಾಯಿಂದ ಹೇಳುವ ಕಾಲ ಅದಾಗಿರಲಿಲ್ಲ. ಯಾರಾದರೂ ಬಂದು ಕೇಳಬೇಕಿತ್ತು. ಕೇಳಿಯಾರೆಂದು ಒಂದು ವಾರ ಸುದ್ದಿಯನ್ನು ಒಳಗೇ ಇಟ್ಟುಕೊಂಡಿದ್ದು, ಆಮೇಲೆ ಹೇಳಿದೆ.

"ಪುಟ್ಟಸ್ವಾಮಿಯವರೇ, ನನಗೆ ಮದುವೆ ಗೊತ್ತಾಗಿದೆ."

ಆವತ್ತು ಅವರು ಕಿಟಕಿ ಬಿಟ್ಟು ನನ್ನ ಕಡೆ ನೇರವಾಗಿ ತಿರುಗಿದರು. ಹಾಗೆ ನೋಡಿದರೆ ನನ್ನ ಮುಖ ಅವರಿಗೆ ಕಾಣುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

"ಒಳ್ಳೇದಾಯ್ತು ಬುಡಿ," ಎಂದರು. "ಯಾವೂರು?"

"ಕೋಟೆ."

"ಒಳ್ಳೆ ಊರು. ಕಬಿನಿ ಅತ್ರ." ಮತ್ತೆ ಕಿಟಕಿಯ ಕಡೆ ತಿರುಗಿ, "ಮುಂದಿನ ತ್ರಿಕೋನ ಓದಿ" ಎಂದರು.

ಓದಿದೆ. ಅಲ್ಲಲ್ಲಿ ಸಾಲು ತಪ್ಪಿ ಮತ್ತೆ ಓದಿದೆ. ಅವರು ತಾಳ್ಮೆಯಿಂದ ಕಾದು, ಸಂಜೆಯವರೆಗೆ ಒಂದೇ ಒಂದು ಅಂಕಿ ತಪ್ಪದೆ ಕೂಡಿದರು. ಒಂದಾದರೂ ತಪ್ಪಬಾರದಿತ್ತೇ ಎಂದು ನನಗೆ ಮನಸ್ಸಿನಲ್ಲೇ ಸಿಟ್ಟು ಬಂತು. ಈಗ ನೆನೆದರೆ ನಗು ಬರುತ್ತದೆ. ಸುರಂಗದ ಒಳಗೆ ಕಲ್ಲೊಡೆಯುವವರು ಇದ್ದರಲ್ಲ, ಪುಟ್ಟಸ್ವಾಮಿಯವರು ಹೇಗೆ ತಪ್ಪಿಯಾರು?

ಸುರಂಗ ಕೂಡುವ ದಿನ ಸಾಹೇಬರು ಜೀಪಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಕಚೇರಿಯ ಲೆಕ್ಕದವರನ್ನು ಸ್ಥಳಕ್ಕೆ ಕರೆದೊಯ್ಯುವ ಪದ್ಧತಿ ಇರಲಿಲ್ಲ. ಕೂಡೀತೋ ಇಲ್ಲವೋ ಎಂದು ಆಳುಗಳ ಮೇಸ್ತ್ರಿಯ ಮುಖದಲ್ಲೂ ಆತಂಕ. ಒಳಗೆ ಗ್ಯಾಸ್‌ಲೈಟಿನ ಬೆಳಕು, ಕಲ್ಲಿನ ಧೂಳು, ಕಾಲಡಿ ನೀರು. ನಾನು ಸೀರೆ ಎತ್ತಿ ಹಿಡಿದುಕೊಂಡು ಪುಟ್ಟಸ್ವಾಮಿಯವರ ಮುಂದೆ ನಡೆದೆ. ಅವರು ಒಂದು ಕೈಯನ್ನು ಗೋಡೆಯ ಮೇಲಿಟ್ಟು ಹಿಂದೆ ಬಂದರು. ಕೊನೆಯ ಬಂಡೆಯ ಮುಂದೆ ಎಲ್ಲರೂ ನಿಂತೆವು. ಆಚೆ ಕಡೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು, ಆದರೆ ಎಡಗಡೆಯಿಂದಲೋ ಬಲಗಡೆಯಿಂದಲೋ ತಿಳಿಯುತ್ತಿರಲಿಲ್ಲ.

"ನೇರಕ್ಕೇ ಐತೆ," ಎಂದರು ಪುಟ್ಟಸ್ವಾಮಿಯವರು ಮೆಲ್ಲಗೆ.

ಆಳುಗಳು ಹಾರೆ ಹಾಕಿ ಮೀಟಿದರು. ಒಂದು ಕಲ್ಲು ಆಚೆಗೆ ಬಿತ್ತು. ಆ ಕಡೆಯಿಂದ ಯಾರೋ "ಓಯ್" ಎಂದರು. ಎಲ್ಲರೂ ಮುನ್ನುಗ್ಗಿ ಅಳತೆಗೆ ಬಗ್ಗಿದರು. ನಾನು ಪುಟ್ಟಸ್ವಾಮಿಯವರ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಗಾಳಿ ಬಂತು ಕಣ್ರೀ," ಎಂದರು. "ಆಚೆ ಕಡೆ ಗಾಳಿ. ಮುಖಕ್ಕೇ ಬಂತು."

ಎರಡು ಕಡೆಯ ಮಧ್ಯರೇಖೆಗಳ ನಡುವೆ ಒಂದು ಗೇಣೂ ವ್ಯತ್ಯಾಸ ಇರಲಿಲ್ಲ. ಮೇಸ್ತ್ರಿ ಬೆಲ್ಲ ಹಂಚಿದ. ಸಾಹೇಬರು ನಮ್ಮಿಬ್ಬರ ಕೈಯನ್ನೂ ಕುಲುಕಿದರು. ವಾಪಸು ಬರುವಾಗ ಜೀಪಿನ ಹಿಂಬದಿಯಲ್ಲಿ ನಾವಿಬ್ಬರೂ ಎದುರುಬದುರು ಕೂತಿದ್ದೆವು. ಬೆಟ್ಟದಪುರದ ಬೆಟ್ಟ ಬಹಳ ದೂರದವರೆಗೆ ಕಾಣುತ್ತಲೇ ಇತ್ತು. ನನ್ನ ಜೀವನದಲ್ಲಿ ಅಷ್ಟು ತುಂಬಿದ ಸಂಜೆ ಇನ್ನೊಂದಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಕ್ಯಾಲ್ಕುಲೇಟರ್ ಬಂತು. ಸೈನ್ ಒತ್ತಿದರೆ ಸೈನ್, ಭಾಗಾಕಾರದ ಗುಂಡಿ ಒತ್ತಿದರೆ ಉತ್ತರ. ಸಾಹೇಬರು ಅದನ್ನು ಮೇಜಿನ ಮೇಲಿಟ್ಟು ಒಂದು ತ್ರಿಕೋನ ಮಾಡಿ ತೋರಿಸಿದರು. ನಾನು ಪುಸ್ತಕ ತೆರೆಯುವಷ್ಟರಲ್ಲಿ ಮುಗಿದಿತ್ತು. ಎಲ್ಲರೂ ಬೆರಗಾದರು, ನಾನೂ ಬೆರಗಾದೆ. ಸುಳ್ಳು ಹೇಳುವುದಿಲ್ಲ, ಅದು ಒಳ್ಳೆಯ ಸಾಧನ. ತಪ್ಪು ಕಡಿಮೆಯಾಯಿತು, ವಾರದ ಕೆಲಸ ದಿನಕ್ಕೆ ಬಂತು. ಆದರೆ ಇಬ್ಬರು ಕೂರಬೇಕಾದ ಕೆಲಸಕ್ಕೆ ಒಬ್ಬರು ಸಾಕಾಯಿತು. ಓದುವವರೂ ಬೇಡ, ಕೇಳುವವರೂ ಬೇಡ. ಅದರ ಪುಟ್ಟ ಕೆಂಪು ಅಂಕಿಗಳು ಪುಟ್ಟಸ್ವಾಮಿಯವರಿಗೆ ಕಾಣುತ್ತಲೂ ಇರಲಿಲ್ಲ.

"ಇದು ಗಪ್‌ಚುಪ್ ಕಣ್ರೀ, ಮಾತೇ ಆಡೋದಿಲ್ಲ," ಎಂದು ಅವರು ನಕ್ಕರು. ಬೇರೆ ಕೆಲಸ ಕೊಡಿಸುತ್ತೇನೆಂದು ಸಾಹೇಬರು ಎಷ್ಟು ಹೇಳಿದರೂ ಕೇಳದೆ, ವೈದ್ಯಕೀಯ ಕಾರಣ ಕೊಟ್ಟು ಕೆಲಸ ಬಿಟ್ಟು ಮಿರ್ಲೆಗೆ ಹೋದರು. ನಾನು ಮದುವೆಯಾಗಿ ಕೋಟೆಗೆ ವರ್ಗ ಮಾಡಿಸಿಕೊಂಡೆ.

ನಮ್ಮ ಮನೆಯವರು ಒಳ್ಳೆಯ ಮನುಷ್ಯ. ಈ ಪುಟಗಳನ್ನು ಮೊದಲು ಓದುವವರೂ ಅವರೇ. ಅವರ ಜೊತೆಯ ಬಾಳಿನಲ್ಲಿ ನನಗೆ ಕೊರತೆಯಾಗಲಿಲ್ಲ. ಆದರೂ ಕಚೇರಿಯಲ್ಲಿ ಒಬ್ಬಳೇ ಗುಂಡಿ ಒತ್ತುತ್ತಾ ಕೂತಾಗ, ಉತ್ತರ ಬಂದ ಮೇಲೂ ಒಂದು ಗಳಿಗೆ ಸುಮ್ಮನೆ ಕಾಯುತ್ತಿದ್ದೆ. ಎದುರಿನಿಂದ ಯಾರಾದರೂ ಮೊತ್ತ ಹೇಳಿಯಾರು ಎಂಬಂತೆ. ಕಂಪ್ಯೂಟರ್ ಬಂದ ಮೇಲೂ, ನಿವೃತ್ತಿಯ ದಿನದವರೆಗೂ, ಆ ಕಾಯುವುದು ಹೋಗಲಿಲ್ಲ.

ಹೋದ ವರ್ಷ ಕೆ.ಆರ್. ನಗರದಲ್ಲಿ ನೆಂಟರ ಮನೆಯ ಮದುವೆಗೆ ಹೋದವಳು, ಮಾರನೆಯ ದಿನ ಬಸ್ಸು ಹತ್ತಿ ಮಿರ್ಲೆಗೆ ಹೋದೆ. ಮನೆಯವರಿಗೆ ಹೇಳಿಯೇ ಹೋದೆ. ಊರಲ್ಲಿ ಕೇಳಿದ ಮೊದಲನೆಯವರೇ ಮನೆ ತೋರಿಸಿದರು. ಜಗಲಿಯ ಮೇಲೆ ಕೂತಿದ್ದ ಪುಟ್ಟಸ್ವಾಮಿಯವರಿಗೆ ಈಗ ಸುತ್ತಲಿನದೂ ಕಾಣುವುದಿಲ್ಲ. "ಇದ್ದೀರಾ?" ಎಂದು ಕೇಳಿದೆ, ಅಷ್ಟೇ.

"ಲಲಿತಮ್ನೋರು!" ಎಂದು ಎದ್ದೇಬಿಟ್ಟರು. "ಕೆಂಪಮ್ಮಾ, ಬಾ ಇಲ್ಲಿ, ಯಾರ್ ಬಂದವ್ರೆ ನೋಡು!" ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. ಒಳ್ಳೆಯ ಅಂಗಿ ಹಾಕಿಕೊಂಡು ಬರುತ್ತೇನೆಂದು ಪುಟ್ಟಸ್ವಾಮಿಯವರು ಗೋಡೆ ಹಿಡಿದು ಒಳಗೆ ಹೋದರು.

ಕೆಂಪಮ್ಮ ಚಾಪೆ ಹಾಸಿ, ನೀರು ಕೊಟ್ಟು, ಪಕ್ಕದಲ್ಲೇ ಕೂತರು. ಹೊಲ, ಮನೆ, ಸೊಸೆಯ ಬಾಣಂತನ ಎಲ್ಲವನ್ನೂ ಹೇಳಿ, ಒಳಗಿನ ಕಡೆ ನೋಡಿ ನಕ್ಕರು.

"ಕಣ್ಣು ಪೂರ್ತಿ ಓಯ್ತದೆ ಅಂತ ಗೊತ್ತಿದ್ದೇ ನಾನು ಮದ್ವೆ ಆಗಿದ್ದು ಕಣಮ್ಮಾ. ನಮ್ಮವ್ವಂಗೆ ಇಷ್ಟ ಇರ್ನಿಲ್ಲ. ಇವ್ರೇ ಮನೆ ತಾವ ಬಂದು ನನ್ನೆದ್ರಿಗೇ ಏಳುದ್ರು. 'ಮುಂಚೆ ಒಬ್ರನ್ನ ಮದ್ವೆಗೆ ಕೇಳ್ಬೇಕು ಅಂತ ಬಾಳಾ ಆಸೆ ಇತ್ತು, ಕಣ್ಣಿನ ಯೋಚ್ನೆ ಮಾಡ್ಕಂಡು ಬಾಯಿ ಬುಡ್ನಿಲ್ಲ, ಅದು ಇವತ್ಗೂ ಕೊರೀತದೆ, ಅದ್ಕೇ ನಿನ್ನ ಕೇಳೇಬುಡ್ತೀನಿ, ಆಗಲ್ಲ ಅಂದ್ರೂ ಚಿಂತೆ ಇಲ್ಲ' ಅಂದ್ರು. ಅಂಗೆ ಕೇಳೋರು ಎಲ್ಲವ್ರೆ? ಅದ್ಕೇ ನಾನು ಊಂ ಅಂದೆ."

ನಾನು ಲೋಟ ಕೆಳಗಿಟ್ಟೆ. "ಒಳ್ಳೇದು ಮಾಡಿದ್ರಿ ಕೆಂಪಮ್ಮ" ಎಂದೆ. ಮನಸ್ಸಿನಿಂದಲೇ ಅಂದೆ. ಆ ಒಬ್ಬರು ಯಾರೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

ಪುಟ್ಟಸ್ವಾಮಿಯವರು ಬಿಳಿ ಅಂಗಿ ಹಾಕಿಕೊಂಡು ಬಂದರು. ಗುಂಡಿ ಒಂದು ಮನೆ ತಪ್ಪಿತ್ತು. ಕೆಂಪಮ್ಮ ಎದ್ದು ಹೋಗಿ, ಮಾತಾಡುತ್ತಲೇ, ಎಲ್ಲ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದರು. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಉತ್ತಯ್ಯ ಸಾಹೇಬರು ತೀರಿಕೊಂಡದ್ದನ್ನು ನಾನು ಹೇಳಿದೆ. ಸುರಂಗದಲ್ಲಿ ಈಗಲೂ ನೀರು ಹರಿಯುತ್ತದೆ ಎಂದು ಅವರು ಹೇಳಿದರು. ಹೊರಡುವಾಗ ಇಬ್ಬರೂ ಬಸ್ಸಿನವರೆಗೆ ಬಂದರು, ಅವರು ಹೆಂಡತಿಯ ತೋಳು ಹಿಡಿದು.

ಕೋಟೆ ಮುಟ್ಟುವಾಗ ಸಂಜೆಯಾಗಿತ್ತು. ಮನೆಯವರು ಕಾಫಿ ಮಾಡಿಟ್ಟಿದ್ದರು.

"ಹೇಗಿದ್ದಾರೆ?" ಎಂದರು.

"ಚೆನ್ನಾಗಿದ್ದಾರೆ. ಹೆಂಡತಿ ಬಹಳ ಒಳ್ಳೆಯವರು."

ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.